ಹಳೇ ಕಂಪ್ಯೂಟರಿಗೆ ವಿಂಡೋಸ್ 11: ಬೇಡ ಅನ್ನುತ್ತಿರುವುದು ಯಾರು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಮನೆಯಲ್ಲಿ, ಅಂಗಡಿಯಲ್ಲಿ, ಜೆರಾಕ್ಸ್ ಸೆಂಟರಿನಲ್ಲಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಕಂಪ್ಯೂಟರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಹಾಗಾಗಿ ಜನ ಬೈಪಾಸ್ ಮಾಡಿ ಹಾಕುತ್ತಾರೆ. ಕೆಲವರಿಗೆ ಸಲೀಸಾಗಿ ಆಗುತ್ತದೆ. ಇನ್ನು ಕೆಲವರಿಗೆ ಮಧ್ಯದಲ್ಲೆಲ್ಲೋ ಕೈಕೊಡುತ್ತದೆ. ಆಗ ಅವರು ಅದೇ ಬೈಪಾಸನ್ನು ಇನ್ನೊಂದು ಸಲ, ಬೇರೆ ಪೆನ್‌ಡ್ರೈವ್‌ನಲ್ಲಿ ಮತ್ತೊಂದು ಸಲ ಮಾಡುತ್ತಾ ಕೂರುತ್ತಾರೆ.

ಅದರಿಂದ ಪ್ರಯೋಜನವಿಲ್ಲ. ಬೈಪಾಸ್ ಅಂದರೆ ಸೆಟಪ್‌ನ (ವಿಂಡೋಸ್ ಹಾಕುವ ಪ್ರೋಗ್ರಾಮಿನ) ತಪಾಸಣೆಯನ್ನು ತಪ್ಪಿಸುವುದು, ಅಷ್ಟೇ. ಅದರಿಂದ ಪ್ರೊಸೆಸರ್ ಬದಲಾಗುವುದಿಲ್ಲ, ಇಲ್ಲದ ಡ್ರೈವರ್ (ಒಂದೊಂದು ಬಿಡಿಭಾಗವನ್ನು ನಡೆಸುವ ಸಾಫ್ಟ್‌ವೇರ್) ಹುಟ್ಟಿಕೊಳ್ಳುವುದಿಲ್ಲ. ಹಾಗಾಗಿ ಏನೇ ತೊಂದರೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ: ಈಗ ಬೇಡ ಅನ್ನುತ್ತಿರುವುದು ಯಾರು? ಸೆಟಪ್ಪಾ, ಪ್ರೊಸೆಸರ್ರಾ, ಡ್ರೈವರ್ರಾ? ಸೆಟಪ್ ಬೇಡ ಅಂದರೆ ದಾರಿ ಇದೆ. ಡ್ರೈವರ್ ಬೇಡ ಅಂದರೆ ಹುಡುಕಾಟ ಇದೆ. ಪ್ರೊಸೆಸರ್ ಬೇಡ ಅಂದರೆ ಮುಗಿಯಿತು, ಸುಮ್ನೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಕಮಾಂಡು, ಫೈಲುಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು.

ಕೈ ಹಾಕುವ ಮುಂಚೆ ಯಂತ್ರದ ಜಾತಕ ನೋಡಿ

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಇನ್ಫೋ32 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಪುಟದಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ: ಪ್ರೊಸೆಸರ್ ಯಾವುದು, ಬಯಾಸ್ (ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಂ) ಮೋಡ್ ಹೊಸ ಬಗೆಯ ಯುಇಎಫ್‌ಐಯೋ ಹಳೇ ಬಗೆಯ ಲೆಗಸಿಯೋ, ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರನ್ನು ಮಾತ್ರ ಬೂಟ್ ಆಗಲು ಬಿಡುವ ರಕ್ಷಣೆ) ಆನ್ ಇದೆಯೋ ಇಲ್ಲವೋ, ರ‍್ಯಾಮ್ ಎಷ್ಟು. ಇದೇ ಥರ ಟಿಪಿಎಂ ಡಾಟ್ ಎಂಎಸ್‌ಸಿ ಎಂದು ಹೊಡೆದರೆ ಟಿಪಿಎಂ ಅನ್ನುವ ಭದ್ರತಾ ಚಿಪ್ 1.2ವೋ 2.0ವೋ, ಅಥವಾ ಇಲ್ಲವೇ ಇಲ್ಲವೋ ಗೊತ್ತಾಗುತ್ತದೆ.

ಪ್ರೊಸೆಸರಿನ ವಿಷಯದಲ್ಲಿ "ಐ5 ಇದೆ" ಅನ್ನುವ ಮಾತಿಗೆ ಅರ್ಥವಿಲ್ಲ. ಅದರ ಪಕ್ಕದ ಸಂಖ್ಯೆ ನೋಡಬೇಕು. ಐ5-3320ಎಂ ಅಂದರೆ 3ನೇ ಜನರೇಷನ್, 2012ರದ್ದು. ಐ5-6300ಯು ಅಂದರೆ 6ನೆಯದು. ಐ5-8250ಯು 8ನೆಯದು. ಐ5-520ಎಂ ಥರ ಬರೀ ಮೂರು ಅಂಕಿ ಇದ್ದರೆ ಮೊದಲ ಜನರೇಷನ್. ವಿಂಡೋಸ್ 11ರ ಅಧಿಕೃತ ಪಟ್ಟಿ ಇಂಟೆಲ್‌ನಲ್ಲಿ 8ನೇ ಜನರೇಷನ್‌ನಿಂದ, ಎಎಂಡಿಯಲ್ಲಿ ರೈಜೆನ್ 2000ದಿಂದ ಶುರುವಾಗುತ್ತದೆ. ಅಪವಾದಗಳು ಬೆರಳೆಣಿಕೆಯಷ್ಟಿವೆ.

ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡವರು ಇದನ್ನು ತಪ್ಪದೆ ನೋಡಿ. "ವಿಂಡೋಸ್ 11 ಹಾಕಿದೆ" ಅಂತ ಕೊಟ್ಟ ಯಂತ್ರ 4ನೇ ಜನರೇಷನ್‌ನದ್ದಾಗಿದ್ದರೆ ಅದಕ್ಕೆ ಬೈಪಾಸ್ ಮಾಡಿಯೇ ಹಾಕಿರುತ್ತಾರೆ. ಅದು ತಪ್ಪು ಅಂತಲ್ಲ. ಆದರೆ ಕೆಳಗೆ ಹೇಳುವ ತೊಂದರೆಗಳೆಲ್ಲ ನಿಮಗೂ ಅನ್ವಯಿಸುತ್ತವೆ.

ಈಗಿರುವುದು 32 ಬಿಟ್ ವಿಂಡೋಸಾದರೆ ಅಪ್‌ಗ್ರೇಡ್ ಅನ್ನುವ ಮಾತೇ ಇಲ್ಲ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಫೈಲು ತೆಗೆದಿಟ್ಟು ಹೊಸದಾಗಿಯೇ ಹಾಕಬೇಕು.

"ಈ ಪಿಸಿಯಲ್ಲಿ ವಿಂಡೋಸ್ 11 ನಡೆಯುವುದಿಲ್ಲ" ಅನ್ನುತ್ತದೆ

ಇಲ್ಲಿ ಬೇಡ ಅನ್ನುತ್ತಿರುವುದು ಸೆಟಪ್. ಬೈಪಾಸ್ ಮಾಡುವ ಮುಂಚೆ ಒಂದು ಸಲ ಬಯಾಸ್ ಒಳಗೆ ಹೋಗಿ ನೋಡಿ. ಎಷ್ಟೋ ಸಲ ಟಿಪಿಎಂ ಇದ್ದೂ ಆಫ್ ಆಗಿರುತ್ತದೆ. 6ನೇ ಜನರೇಷನ್‌ನಿಂದೀಚಿನ ಬಹುತೇಕ ಇಂಟೆಲ್ ಬೋರ್ಡುಗಳಲ್ಲಿ ಅದಕ್ಕೆ ಪಿಟಿಟಿ ಅಂತ ಹೆಸರು, ಎಎಂಡಿಯಲ್ಲಿ ಎಫ್‌ಟಿಪಿಎಂ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪುಗಳಲ್ಲಿ ಇದು ಜಾಸ್ತಿ. 8ನೇ ಜನರೇಷನ್‌ನ ಯಂತ್ರ, ಪಟ್ಟಿಯಲ್ಲೂ ಇದೆ, ಆದರೂ ಆಗಲ್ಲ ಅಂತ ಬರುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಬಯಾಸ್ ಮುಟ್ಟುವ ಮುಂಚೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಇಲ್ಲದಿದ್ದರೆ ಮುಂದಿನ ಸಲ ಆನ್ ಮಾಡಿದಾಗ ಅದು ಕೀ ಕೇಳುತ್ತದೆ, ನಿಮ್ಮ ಹತ್ತಿರ ಇರುವುದಿಲ್ಲ.

ಸೆಕ್ಯೂರ್ ಬೂಟ್ ಸ್ವಲ್ಪ ಕಿರಿಕಿರಿಯ ಕೆಲಸ. ಅದು ಆನ್ ಆಗಬೇಕಾದರೆ ಬಯಾಸ್ ಯುಇಎಫ್‌ಐ ಮೋಡಿನಲ್ಲಿರಬೇಕು. ಈಗಿನ ವಿಂಡೋಸ್ ಲೆಗಸಿ ಮೋಡಿನಲ್ಲಿ, ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೇ ಪದ್ಧತಿ) ಡಿಸ್ಕಿನ ಮೇಲೆ ಕೂತಿದ್ದರೆ, ನೀವು ಬಯಾಸ್‌ನಲ್ಲಿ ಯುಇಎಫ್‌ಐ ಅಂತ ಬದಲಿಸಿದ ತಕ್ಷಣ "ಬೂಟ್ ಡಿವೈಸ್ ಇಲ್ಲ" ಅನ್ನುತ್ತದೆ. ಹೆದರಬೇಡಿ, ಡೇಟಾ ಎಲ್ಲೂ ಹೋಗಿಲ್ಲ. ಹಿಂದಿದ್ದ ಮೋಡಿಗೇ ಬದಲಿಸಿದರೆ ಮತ್ತೆ ಬೂಟ್ ಆಗುತ್ತದೆ. ಸರಿಯಾದ ಕ್ರಮ ಅಂದರೆ ಮೊದಲು ಡಿಸ್ಕನ್ನು ಜಿಪಿಟಿ ಅನ್ನುವ ಹೊಸ ಪದ್ಧತಿಗೆ ಬದಲಿಸಿ, ಆಮೇಲೆ ಬಯಾಸ್ ಮುಟ್ಟುವುದು. ಅದಕ್ಕೆ ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಅನ್ನುವ ಸಲಕರಣೆ ಇದೆ. ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಆ ಹೆಸರು, ಆಮೇಲೆ ಓರೆಗೆರೆ (/) ಹಾಕಿ ವ್ಯಾಲಿಡೇಟ್, ಮತ್ತೊಂದು ಓರೆಗೆರೆ ಹಾಕಿ ಅಲೌಫುಲ್‌ಓಎಸ್. ಇದು ಬರೀ ಪರೀಕ್ಷೆ, ಏನನ್ನೂ ಬದಲಿಸುವುದಿಲ್ಲ. ಪಾಸಾದರೆ ವ್ಯಾಲಿಡೇಟ್ ಜಾಗದಲ್ಲಿ ಕನ್ವರ್ಟ್ ಹಾಕಿ.

ನಮ್ಮ ಕಡೆಯ ಯಂತ್ರಗಳು ಈ ಪರೀಕ್ಷೆಯಲ್ಲಿ ಎಡವುವುದಕ್ಕೆ ಒಂದು ವಿಶೇಷ ಕಾರಣ ಇದೆ. ಅಂಗಡಿಯವರು ಡಿಸ್ಕನ್ನು ಸಿ, ಡಿ, ಇ, ಎಫ್ ಅಂತ ಭಾಗ ಮಾಡಿ ಕೊಡುತ್ತಾರೆ, ಅಲ್ವಾ? ಎಂಬಿಆರ್ ಡಿಸ್ಕಿನಲ್ಲಿ ಪ್ರೈಮರಿ ಭಾಗ ನಾಲ್ಕಕ್ಕಿಂತ ಜಾಸ್ತಿ ಇರುವಂತಿಲ್ಲ. ಹಾಗಾಗಿ ಡಿ, ಇ, ಎಫ್‌ಗಳನ್ನು ಎಕ್ಸ್‌ಟೆಂಡೆಡ್ ಅನ್ನುವ ಒಂದು ದೊಡ್ಡ ಭಾಗದೊಳಗೆ ಲಾಜಿಕಲ್ ಡ್ರೈವ್ ಆಗಿ ಮಾಡಿರುತ್ತಾರೆ. ಎಂಬಿಆರ್2ಜಿಪಿಟಿಗೆ ಎಕ್ಸ್‌ಟೆಂಡೆಡ್ ಭಾಗ ಕಂಡರೆ ಆಗದು, ನಾಲ್ಕು ಪ್ರೈಮರಿ ಇದ್ದರೂ ಆಗದು, ಮೂರರ ಒಳಗಿರಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ: ಡಿ, ಇ ಸುತ್ತ ಹಸಿರು ಚೌಕಟ್ಟು ಕಂಡರೆ ಅದೇ ಎಕ್ಸ್‌ಟೆಂಡೆಡ್. ಡಿ, ಇ ಒಳಗಿನದನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಆ ಭಾಗಗಳನ್ನೂ ಹಸಿರು ಚೌಕಟ್ಟನ್ನೂ ಅಳಿಸಿ, ಆಮೇಲೆ ಪರೀಕ್ಷೆ ಓಡಿಸಿ. ಮದುವೆ ಫೋಟೋಗಳೆಲ್ಲ ಸಾಮಾನ್ಯವಾಗಿ ಡಿ ಡ್ರೈವಿನಲ್ಲೇ ಇರುತ್ತವೆ. ಕಾಪಿಯಾದ ಮೇಲೆ ನಾಲ್ಕು ಫೈಲು ತೆರೆದು ನೋಡದೆ ಅಳಿಸಬೇಡಿ.

ಇಷ್ಟು ರಗಳೆ ಬೇಡ ಅನ್ನುವವರು ಲೆಗಸಿ ಮೋಡಿನಲ್ಲೇ, ಎಂಬಿಆರ್ ಮೇಲೆಯೇ ಬೈಪಾಸ್ ಮಾಡಿ ಹಾಕಬಹುದು. ನಡೆಯುತ್ತದೆ. ಆದರೆ ಯಂತ್ರದಲ್ಲಿ ಯುಇಎಫ್‌ಐ ಇದ್ದರೆ ಅದನ್ನೇ ಬಳಸಿ ಅನ್ನುವುದು ನನ್ನ ಸಲಹೆ.

ನಿಜವಾಗಿಯೂ ಹಳೇ ಯಂತ್ರ, ಟಿಪಿಎಂ 1.2 ಅಥವಾ ಏನೂ ಇಲ್ಲ ಅನ್ನುವಾಗ ಬೈಪಾಸ್. ಮೈಕ್ರೋಸಾಫ್ಟ್ ತಾಣದಿಂದಲೇ ಐಎಸ್‌ಒ (ವಿಂಡೋಸ್ ಹಾಕಲು ಬೇಕಾದ ಇಡೀ ಫೈಲು) ಇಳಿಸಿಕೊಂಡು, ರೂಫಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಬೂಟ್ ಆಗುವ ಪೆನ್‌ಡ್ರೈವ್ ಮಾಡಿ. ಸ್ಟಾರ್ಟ್ ಒತ್ತಿದಾಗ ಒಂದು ಚಿಕ್ಕ ಕಿಟಕಿ ಬಂದು ಟಿಪಿಎಂ, ಸೆಕ್ಯೂರ್ ಬೂಟ್, ರ‍್ಯಾಮ್ ತಪಾಸಣೆ ತೆಗೆಯಬೇಕಾ ಅಂತ ಕೇಳುತ್ತದೆ, ಟಿಕ್ ಹಾಕಿ. ಈಗಿನ ವಿಂಡೋಸ್ ಒಳಗಿನಿಂದಲೇ ಅಪ್‌ಗ್ರೇಡ್ ಮಾಡುವವರು ರೂಫಸ್ 4.6 ಅಥವಾ ಅದಕ್ಕಿಂತ ಹೊಸದನ್ನು ಬಳಸಿ. ಹಳೇ ರೂಫಸ್‌ನಲ್ಲಿ ಮಾಡಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಕೆಲಸ ಆಗುತ್ತದೆ, ವಿಂಡೋಸ್ ಒಳಗಿಂದ ಸೆಟಪ್ ಓಡಿಸಿದರೆ ಮತ್ತೆ ಅದೇ "ಆಗಲ್ಲ" ಬರುತ್ತದೆ. ಇವೆರಡೂ ಬೇರೆ ಬೇರೆ ತಪಾಸಣೆ. ಇದು ಗೊತ್ತಿಲ್ಲದೆ ಪೆನ್‌ಡ್ರೈವ್‌ಗೇ ಬೈಯುವವರು ಬಹಳ.

ಕೈಯಾರೆ ಮಾಡುವವರಿಗೆ: ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಮೊದಲ ಪುಟದಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ. ಕಮಾಂಡ್ ಹೊಡೆಯುವ ಕಪ್ಪು ಕಿಟಕಿ ಬರಲಿಲ್ಲವಾ? ಲ್ಯಾಪ್‌ಟಾಪಿನಲ್ಲಿ ಎಫ್10 ಕೀಗೆ ವಾಲ್ಯೂಮೋ ಬ್ರೈಟ್‌ನೆಸ್ಸೋ ಕೊಟ್ಟಿರುತ್ತಾರೆ, ಎಫ್‌ಎನ್ ಕೀಯನ್ನೂ ಸೇರಿಸಿ ಒತ್ತಿ. ಆ ಕಿಟಕಿಯಲ್ಲಿ ರೆಜ್‌ಎಡಿಟ್ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಪಟ್ಟಿಯಾದ ರಿಜಿಸ್ಟ್ರಿಯನ್ನು ತಿದ್ದುವ ಸಲಕರಣೆ) ಅಂತ ಹೊಡೆದು ತೆರೆದು, ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಸೆಟಪ್ ಒಳಗೆ ಲ್ಯಾಬ್‌ಕಾನ್ಫಿಗ್ ಅನ್ನುವ ಹೊಸ ಕೀ ಮಾಡಿ. ಅದರೊಳಗೆ ಬೈಪಾಸ್‌ಟಿಪಿಎಂಚೆಕ್, ಬೈಪಾಸ್‌ಸೆಕ್ಯೂರ್‌ಬೂಟ್‌ಚೆಕ್, ಬೈಪಾಸ್‌ರ‍್ಯಾಮ್‌ಚೆಕ್ ಅನ್ನುವ 32 ಬಿಟ್‌ನ ಡಿವರ್ಡ್‌ಗಳು, ಮೂರಕ್ಕೂ ಬೆಲೆ 1. ಹೆಸರಿನ ನಡುವೆ ಜಾಗ ಬಿಡುವಂತಿಲ್ಲ. ಮಾಡಿಯೂ ಆಗದಿದ್ದರೆ ಹತ್ತಿರದಿಂದ ನೋಡಿ: ಹೆಸರಲ್ಲಿ ಒಂದು ಅಕ್ಷರ ತಪ್ಪಿರುತ್ತದೆ, ಇಲ್ಲವೇ ಡಿವರ್ಡ್ ಬದಲು ಸ್ಟ್ರಿಂಗ್ ಮಾಡಿರುತ್ತೀರಿ, ಇಲ್ಲವೇ ಕೀಯನ್ನು ಸೆಟಪ್ ಒಳಗೆ ಮಾಡುವ ಬದಲು ಸಿಸ್ಟಮ್ ಒಳಗೇ ಮಾಡಿರುತ್ತೀರಿ.

ಇನ್ನೊಂದು ಮಾತು. ಯಾರೋ ಕತ್ತರಿಸಿ "ಲೈಟ್" ಮಾಡಿ ಟೆಲಿಗ್ರಾಮಿನಲ್ಲಿ ಹಂಚುವ ಐಎಸ್‌ಒಗಳನ್ನು ಹಾಕಬೇಡಿ. ಹಗುರವಾಗಿರುತ್ತವೆ ನಿಜ. ಆದರೆ ಅದರಲ್ಲಿ ಏನು ತೆಗೆದಿದ್ದಾರೆ, ಏನು ಸೇರಿಸಿದ್ದಾರೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಮುಂದೆ ಅಪ್‌ಡೇಟ್ ಕೆಟ್ಟರೆ ಕಾರಣ ಹುಡುಕುವುದಕ್ಕೂ ಬರುವುದಿಲ್ಲ.

ಲೋಗೋ ಬರುತ್ತದೆ, ರೀಸ್ಟಾರ್ಟ್ ಆಗುತ್ತದೆ, ಮತ್ತೆ ಲೋಗೋ

ಸಂದೇಶ ಇಲ್ಲ, ಕೋಡ್ ಇಲ್ಲ. ಇದು ಪ್ರೊಸೆಸರ್ ಬೇಡ ಅನ್ನುವ ರೀತಿ.

2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ವಿಂಡೋಸ್ 11ಕ್ಕೆ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಅನ್ನುವ ಸೂಚನೆಗಳು ಪ್ರೊಸೆಸರಿನಲ್ಲಿ ಇರಲೇಬೇಕು. ಇದು ತಪಾಸಣೆ ಮಾಡಿ ತಡೆಯುವ ನಿಯಮ ಅಲ್ಲ. ವಿಂಡೋಸ್‌ನ ಒಳಗಿನ ಕೋಡೇ ಆ ಸೂಚನೆಗಳನ್ನು ಬಳಸುತ್ತದೆ. ಪ್ರೊಸೆಸರಿಗೆ ಅದು ಅರ್ಥವಾಗದಿದ್ದರೆ ಅಲ್ಲೇ ಬಿದ್ದುಹೋಗುತ್ತದೆ. ಯಾವ ರಿಜಿಸ್ಟ್ರಿ ಕೀಯೂ ಇದಕ್ಕೆ ಮದ್ದಲ್ಲ. ಇಂಟೆಲ್‌ನ ಕೋರ್ 2 ಡ್ಯುಯೋ, ಕೋರ್ 2 ಕ್ವಾಡ್, ಆ ಕಾಲದ ಪೆಂಟಿಯಂ ಡ್ಯುಯಲ್ ಕೋರ್, ಎಎಂಡಿಯ ಫೆನಮ್ ಇವೆಲ್ಲ ಇಲ್ಲಿ ಔಟ್. ಮೊದಲ ಜನರೇಷನ್‌ನ ಐ3, ಐ5, ಐ7ಗಳಿಂದ ಮುಂದಕ್ಕೆ ಇಂಟೆಲ್‌ನ ಕೋರ್ ಐ ಸರಣಿಯಲ್ಲಿ ಎರಡೂ ಇವೆ. ಎಎಂಡಿಯಲ್ಲಿ 2011ರ ಬುಲ್ಡೋಜರ್‌ನಿಂದ ಈಚೆಗೆ ಇವೆ.

ಅನುಮಾನ ಇದ್ದರೆ ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಸಲಕರಣೆಗಳಲ್ಲಿರುವ ಕೋರ್‌ಇನ್ಫೋ ಓಡಿಸಿ. ಉದ್ದನೆಯ ಪಟ್ಟಿ ಬರುತ್ತದೆ. ಆ ಎರಡು ಹೆಸರುಗಳ ಮುಂದೆ ನಕ್ಷತ್ರ ಇದ್ದರೆ ಇದೆ, ಅಡ್ಡಗೆರೆ ಇದ್ದರೆ ಇಲ್ಲ.

ಆದರೆ ಲೋಗೋದಲ್ಲಿ ರೀಸ್ಟಾರ್ಟ್ ಆದದ್ದೆಲ್ಲ ಪ್ರೊಸೆಸರಿನ ತಪ್ಪಲ್ಲ. ರ‍್ಯಾಮ್ ಕೆಟ್ಟಿದ್ದರೂ, ಪೆನ್‌ಡ್ರೈವ್ ಸರಿಯಿಲ್ಲದಿದ್ದರೂ ಹಾಗೇ ಆಗುತ್ತದೆ. ಬೇರ್ಪಡಿಸುವುದು ಸುಲಭ: ಅದೇ ಪೆನ್‌ಡ್ರೈವ್‌ಗೆ ವಿಂಡೋಸ್ 10 ಹಾಕಿ, ಅದೇ ಪೋರ್ಟಿನಿಂದ ಬೂಟ್ ಮಾಡಿ. ಅದು ಸೆಟಪ್ ಪುಟದವರೆಗೆ ಬಂದು, 11 ಮಾತ್ರ ಬರುತ್ತಿಲ್ಲ ಅಂದರೆ ಪ್ರೊಸೆಸರ್ ಸಂಖ್ಯೆ ನೋಡಿ. ಎರಡೂ ಬರುತ್ತಿಲ್ಲ ಅಂದರೆ ಒಂದೊಂದೇ ರ‍್ಯಾಮ್ ಕಡ್ಡಿ ಹಾಕಿ ನೋಡಿ.

ಕೋರ್ 2 ಡ್ಯುಯೋದವರು 24ಎಚ್2ಕ್ಕಿಂತ ಹಿಂದಿನ 23ಎಚ್2 ಹಾಕಬಹುದಲ್ಲ ಅಂತ ಕೇಳುತ್ತಾರೆ. ಅದರ ಹೋಮ್ ಮತ್ತು ಪ್ರೋ ಆವೃತ್ತಿಗಳ ಬೆಂಬಲ 2025ರ ನವೆಂಬರ್ 11ಕ್ಕೇ ಮುಗಿದಿದೆ. ಅಪ್‌ಡೇಟ್ ಬರದ ವಿಂಡೋಸ್ 10 ಬಿಟ್ಟು ಅಪ್‌ಡೇಟ್ ಬರದ ವಿಂಡೋಸ್ 11ಕ್ಕೆ ಹೋಗಿ ಸಾಧಿಸುವುದೇನು? ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಒಂದು ಎಸ್‌ಎಸ್‌ಡಿ ಕೊಡಿಸಿ. ಬ್ರೌಸರ್, ಪತ್ರ ಬರೆಯುವುದು, ಪ್ರಿಂಟ್ ತೆಗೆಯುವುದು ಇಷ್ಟಕ್ಕೆ ಧಾರಾಳ.

ಪೆನ್‌ಡ್ರೈವ್ ಕಾಣುವುದೇ ಇಲ್ಲ, ಅಥವಾ ಡ್ರೈವರ್ ಕೊಡಿ ಅನ್ನುತ್ತದೆ

ರೂಫಸ್‌ನಲ್ಲಿ ಪಾರ್ಟಿಷನ್ ಸ್ಕೀಮ್ ಅನ್ನುವ ಆಯ್ಕೆ ನಿಮ್ಮ ಬಯಾಸ್ ಮೋಡಿಗೆ ಹೊಂದಬೇಕು. ಯುಇಎಫ್‌ಐ ಆದರೆ ಜಿಪಿಟಿ, ಲೆಗಸಿ ಆದರೆ ಎಂಬಿಆರ್. ಸೆಟಪ್ ಶುರುವಾದ ಮೇಲೆ "ಮೀಡಿಯಾ ಡ್ರೈವರ್ ಇಲ್ಲ" ಅಂತ ಬಂದರೆ ಡ್ರೈವರ್ ಹುಡುಕಲು ಹೋಗಬೇಡಿ. ಪೆನ್‌ಡ್ರೈವನ್ನು ನೀಲಿ ಪೋರ್ಟಿನಿಂದ ಕಿತ್ತು ಕಪ್ಪು ಪೋರ್ಟಿಗೆ, ಅಂದರೆ ಯುಎಸ್‌ಬಿ 2ಕ್ಕೆ ಹಾಕಿ ಮತ್ತೆ ಶುರು ಮಾಡಿ. ಅದಕ್ಕೂ ಬಗ್ಗದಿದ್ದರೆ ಬೇರೆ ಪೆನ್‌ಡ್ರೈವ್.

ಅರ್ಧ ದಾರಿ ಹೋಗಿ ವಾಪಸ್ ಬರುತ್ತದೆ

ಒಂದು ಹಂತದವರೆಗೆ ಹೋಗಿ, ರೀಸ್ಟಾರ್ಟ್ ಆಗಿ, "ಹಿಂದಿನ ವಿಂಡೋಸ್‌ಗೆ ಮರಳುತ್ತಿದ್ದೇವೆ" ಅಂತ ಬರುತ್ತದೆ. ಕೊನೆಗೆ 0ಎಕ್ಸ್‌ಸಿ1900101 ಅನ್ನುವ ಕೋಡ್. ಇದು ಡ್ರೈವರ್ ಬೇಡ ಅಂದ ಗುರುತು. ಈ ಕೋಡಿನ ಪಕ್ಕ ಇನ್ನೊಂದು ಚಿಕ್ಕ ಕೋಡ್ ಇರುತ್ತದೆ, ಜನ ಅದನ್ನು ಬರೆದುಕೊಳ್ಳುವುದೇ ಇಲ್ಲ. ನಿಜವಾದ ಸುಳಿವು ಇರುವುದು ಅದರಲ್ಲಿ. ಎಕ್ಸ್ ಅಕ್ಷರದ ನಂತರದ ಮೊದಲ ಅಂಕಿ ಯಾವ ಹಂತದಲ್ಲಿ ಬಿದ್ದಿತು ಅಂತ ಹೇಳುತ್ತದೆ. 1 ಇದ್ದರೆ ಇನ್ನೂ ಹಳೇ ವಿಂಡೋಸ್ ಒಳಗೇ ಇದ್ದಾಗ. 2 ಇದ್ದರೆ ಸೆಟಪ್‌ನ ತಾತ್ಕಾಲಿಕ ವಿಂಡೋಸ್‌ಗೆ ಬೂಟ್ ಆಗಿದ್ದಾಗ. 3 ಇದ್ದರೆ ಹೊಸ ವಿಂಡೋಸ್‌ನ ಮೊದಲ ಬೂಟ್, 4 ಇದ್ದರೆ ಎರಡನೇ ಬೂಟ್.

0ಎಕ್ಸ್20017 ಅಂತ ಬಂದರೆ ಎರಡನೇ ಹಂತ. ಅಲ್ಲಿ ನಾನು ಮೊದಲು ನೋಡುವುದು ಡಿಸ್ಕ್ ಕಂಟ್ರೋಲರ್ ಮತ್ತು ಬಯಾಸ್. ಬಯಾಸ್‌ಗೆ ತಯಾರಕರ ಕೊನೆಯ ಅಪ್‌ಡೇಟ್ ಹಾಕಿದೆಯಾ ನೋಡಿ. 0ಎಕ್ಸ್30018 ಅಥವಾ 0ಎಕ್ಸ್4000ಡಿ ಆದರೆ ಹೊಸ ವಿಂಡೋಸ್ ಎದ್ದು, ಹಳೇ ಡ್ರೈವರ್ ಒಂದಕ್ಕೆ ಡಿಕ್ಕಿ ಹೊಡೆದಿದೆ. ಆಂಟಿವೈರಸ್ ತೆಗೆಯಿರಿ. ಡಿಸೇಬಲ್ ಮಾಡಿದರೆ ಸಾಲದು, ಅನ್‌ಇನ್‌ಸ್ಟಾಲ್ ಆಗಬೇಕು. ಲ್ಯಾಪ್‌ಟಾಪ್ ಕಂಪನಿಯವರು ತುಂಬಿ ಕೊಟ್ಟ ಬೆರಳಚ್ಚು ಸಾಫ್ಟ್‌ವೇರ್, ಹಳೇ ವಿಪಿಎನ್, ಹಳೇ ಡಿಸ್ಕ್ ಎನ್‌ಕ್ರಿಪ್ಷನ್ ಇವೂ ಹೋಗಲಿ. ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ಕಾರ್ಡ್ ರೀಡರ್, ಬೆರಳಚ್ಚು ಯಂತ್ರ ಎಲ್ಲವನ್ನೂ ಕಿತ್ತಿಡಿ. ಕೀಬೋರ್ಡು, ಮೌಸು ಬಿಟ್ಟು ಬೇರೇನೂ ಬೇಡ.

ಊಹೆ ಬೇಡ, ಹೆಸರೇ ಬೇಕು ಅನ್ನುವವರು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ ಲಾಗ್ಸ್, ಅದರೊಳಗೆ ಸೆಟಪ್‌ಡಯಾಗ್ ಫೋಲ್ಡರ್ ಹುಡುಕಿ. ಅಲ್ಲಿ ಫಲಿತಾಂಶದ ಫೈಲ್ ಇದ್ದರೆ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಎಷ್ಟೋ ಸಲ ಕೊನೆಯಲ್ಲಿ ಸಿಸ್ ಅಂತ ಇರುವ ಡ್ರೈವರ್ ಫೈಲಿನ ಹೆಸರೇ ಸಿಗುತ್ತದೆ. ಆ ಹೆಸರನ್ನು ಗೂಗಲ್‌ನಲ್ಲಿ ಹಾಕಿದರೆ ಯಾರ ಡ್ರೈವರ್ ಅಂತ ತಿಳಿಯುತ್ತದೆ.

"ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ" ಅಂತ ಬಂದರೆ ಅದು ಬೇರೆ ಕಥೆ. ವಿಂಡೋಸ್ 7 ಕಾಲದಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಆ ಭಾಗ ಬರೀ 100 ಎಂಬಿ ಇರುತ್ತದೆ, ತುಂಬಿಹೋಗಿರುತ್ತದೆ. ಅದನ್ನು ಹಿಗ್ಗಿಸಲು ಹೆಣಗುವ ಬದಲು, ಡೇಟಾ ತೆಗೆದಿಟ್ಟು ಹೊಸದಾಗಿ ಹಾಕಿಬಿಡಿ. ಅಷ್ಟು ಹಳೇ ಯಂತ್ರದಲ್ಲಿ ವರ್ಷಗಟ್ಟಲೆ ಸೇರಿದ ಕಸವೂ ಹೋಗುತ್ತದೆ.

ಹಾಕಿದ್ದಾಯಿತು, ಆದರೆ ವೈಫೈ ಇಲ್ಲ

ಮೊದಲ ಸಲ ಎದ್ದಾಗಲೇ ಇಂಟರ್‌ನೆಟ್ ಕೊಡು, ಇಲ್ಲದಿದ್ದರೆ ಮುಂದೆ ಬಿಡುವುದಿಲ್ಲ ಅಂತ ನಿಂತುಬಿಡುತ್ತದೆ. ವೈಫೈ ಡ್ರೈವರೇ ಇಲ್ಲ, ಇಂಟರ್‌ನೆಟ್ ಎಲ್ಲಿಂದ ಬರಬೇಕು? ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಡ.

ಡೆಸ್ಕ್‌ಟಾಪ್ ಬಂದ ಮೇಲೆ ವಿಂಡೋಸ್ ಅಪ್‌ಡೇಟ್‌ನ ಆಪ್ಷನಲ್ ಅಪ್‌ಡೇಟ್ಸ್ ಒಳಗೆ ಡ್ರೈವರ್ ಇದೆಯಾ ನೋಡಿ. ಇಲ್ಲದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಸಾಧನದ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಡಿಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ವೆನ್ ಅಂತ ಬರೆದು ಮುಂದೆ ನಾಲ್ಕು ಅಕ್ಷರ, ಡೆವ್ ಅಂತ ಬರೆದು ಮುಂದೆ ನಾಲ್ಕು ಅಕ್ಷರ ಇರುತ್ತವೆ. ವೆನ್ ಅಂದರೆ ತಯಾರಕ: 8086 ಇಂಟೆಲ್, 14ಇ4 ಬ್ರಾಡ್‌ಕಾಮ್, 10ಇಸಿ ರಿಯಲ್‌ಟೆಕ್, 168ಸಿ ಅಥೆರೋಸ್. ಉದಾಹರಣೆಗೆ ವೆನ್ 168ಸಿ, ಡೆವ್ 0032 ಅಂತ ಇದ್ದರೆ ಅದು ಅಥೆರೋಸ್‌ನ ಎಆರ್9485 ಕಾರ್ಡ್. ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹಾಕಿ ಹುಡುಕಿದರೆ ಬರೀ ಜಾಹೀರಾತಿನ ತಾಣಗಳು ಸಿಗುತ್ತವೆ. ಈ ಎಂಟು ಅಕ್ಷರ ಹಾಕಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗಿನಲ್ಲಿ ಹುಡುಕಿದರೆ ಸರಿಯಾದದ್ದು ಸಿಗುವ ಸಾಧ್ಯತೆ ಜಾಸ್ತಿ. ವಿಂಡೋಸ್ 10ರ 64 ಬಿಟ್ ಡ್ರೈವರ್ ಸಾಮಾನ್ಯವಾಗಿ 11ರಲ್ಲೂ ನಡೆಯುತ್ತದೆ.

ಶಟ್‌ಡೌನ್ ಮಾಡಿ ಆನ್ ಮಾಡಿದರೆ ವೈಫೈ ಮಾಯ, ರೀಸ್ಟಾರ್ಟ್ ಮಾಡಿದರೆ ಪ್ರತ್ಯಕ್ಷ. ಇದಕ್ಕೆ ಡ್ರೈವರ್ ಹುಡುಕಬೇಡಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ಸಾಕು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಆರುವುದಿಲ್ಲ, ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡಿರುತ್ತದೆ. ಹಳೇ ಕಾರ್ಡುಗಳಿಗೆ ಅದು ಒಗ್ಗುವುದಿಲ್ಲ.

ಬ್ರೈಟ್‌ನೆಸ್ ಬದಲಾಗುವುದಿಲ್ಲ, ವಿಡಿಯೋ ತಡವರಿಸುತ್ತದೆ

ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ನೋಡಿ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಿದ್ದರೆ ಗ್ರಾಫಿಕ್ಸ್ ಡ್ರೈವರ್ ಕೂತಿಲ್ಲ. ಮೇಲೆ ಹೇಳಿದ ಹಾಗೆಯೇ ಹುಡುಕಿ ಹಾಕಿ.

ಡ್ರೈವರ್ ಸರಿಯಾಗಿ ಕೂತಿದೆ, ಆದರೂ ಯೂಟ್ಯೂಬ್ ನೋಡುವಾಗ ಫ್ಯಾನ್ ಬೊಬ್ಬೆ ಹೊಡೆಯುತ್ತದೆ ಅಂದರೆ ವಿಂಡೋಸ್ 11ನ್ನು ದೂರಬೇಡಿ. 2, 3ನೇ ಜನರೇಷನ್ ಇಂಟೆಲ್ ಗ್ರಾಫಿಕ್ಸ್‌ಗೆ ಎಚ್.264 ವಿಡಿಯೋ ಬಿಡಿಸುವುದು ಗೊತ್ತು, ವಿಪಿ9 ಅನ್ನುವ ಹೊಸ ಬಗೆ ಗೊತ್ತಿಲ್ಲ. ಯೂಟ್ಯೂಬ್ ಕಳಿಸುವುದು ಹೆಚ್ಚಾಗಿ ವಿಪಿ9 ಅಥವಾ ಎವಿ1. ಹಾಗಾಗಿ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಬ್ರೌಸರಿಗೆ ಎಚ್264ಇಫೈ ಅನ್ನುವ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಎಚ್.264ನ್ನೇ ಕಳಿಸುತ್ತದೆ, ಫ್ಯಾನ್ ಸುಮ್ಮನಾಗುತ್ತದೆ.

ಎಲ್ಲ ಇದೆ, ಆದರೆ ಆಮೆ ನಡಿಗೆ

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಐದು ನಿಮಿಷ ಸುಮ್ನೆ ನೋಡುತ್ತಾ ಕೂರಿ. ಏನೂ ಮಾಡದಿದ್ದರೂ ಡಿಸ್ಕ್ 100ಕ್ಕೆ ಅಂಟಿಕೊಂಡಿದ್ದರೆ, ಅದು ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ, ಮುಂದಕ್ಕೆ ಓದುವ ಅಗತ್ಯವಿಲ್ಲ. ಸಾಟಾ ಎಸ್‌ಎಸ್‌ಡಿ ಹಾಕಿ. ಸರ್ವೀಸ್ ಆಫ್ ಮಾಡು, ಅದನ್ನು ಡಿಸೇಬಲ್ ಮಾಡು ಅನ್ನುವ ಟ್ರಿಕ್ಕುಗಳೆಲ್ಲ ಇದರ ಮುಂದೆ ದಂಡ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿ.

ಡಿಸ್ಕ್ ಸರಿ, ರ‍್ಯಾಮ್ ಸರಿ, ಆದರೂ ನಿಧಾನ. ಈಗ ಸಿಪಿಯು ಪುಟದಲ್ಲಿ ಸ್ಪೀಡ್ ಅಂತ ಇರುವ ಸಂಖ್ಯೆ ನೋಡಿ. ಏನೇ ಕೆಲಸ ಕೊಟ್ಟರೂ 0.8 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಅಂಟಿಕೊಂಡಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಕೆಲವು ಲ್ಯಾಪ್‌ಟಾಪುಗಳು ತಮ್ಮ ಅಸಲಿ ಚಾರ್ಜರನ್ನು ಪಿನ್ ಮೂಲಕ ಗುರುತು ಹಿಡಿಯುತ್ತವೆ. ಡೂಪ್ಲಿಕೇಟ್ ಚಾರ್ಜರ್ ಹಾಕಿದರೆ, ಅಥವಾ ಒಳಗಿನ ಆ ಸಣ್ಣ ಪಿನ್ ಬಾಗಿದ್ದರೆ, ಗುರುತು ಸಿಗದೆ ಪ್ರೊಸೆಸರಿನ ವೇಗವನ್ನೇ ಇಳಿಸಿಬಿಡುತ್ತವೆ. ಹೊಸ ವಿಂಡೋಸ್ ಹಾಕಿದ ವಾರವೇ ಹೊಸ ಚಾರ್ಜರನ್ನೂ ತಂದಿದ್ದರೆ ತಪ್ಪು ಯಾರ ತಲೆಗೆ ಬರುತ್ತದೆ ಹೇಳಿ! ಶುರುವಿನಲ್ಲಿ ಚುರುಕಾಗಿದ್ದು ಹತ್ತು ನಿಮಿಷದ ನಂತರ ವೇಗ ಇಳಿದರೆ ಅದು ಬಿಸಿಯ ತೊಂದರೆ. ಫ್ಯಾನಿನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಬದಲಿಸಿ.

ಕೊನೆಯದಾಗಿ ಮೆಮೊರಿ ಇಂಟೆಗ್ರಿಟಿ. ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಷನ್ ಒಳಗಿದೆ. ಈ ರಕ್ಷಣೆಗೆ ಬೇಕಾದ ಹಾರ್ಡ್‌ವೇರ್ ನೆರವು ಇಂಟೆಲ್‌ನಲ್ಲಿ 7ನೇ ಜನರೇಷನ್‌ನಿಂದ, ಎಎಂಡಿಯಲ್ಲಿ ಜೆನ್ 2ರಿಂದ ಬಂತು. ಅದಕ್ಕಿಂತ ಹಳೆಯದರಲ್ಲಿ ಅದೇ ಕೆಲಸವನ್ನು ಸಾಫ್ಟ್‌ವೇರಿನಲ್ಲಿ ಮಾಡಬೇಕಾಗುತ್ತದೆ, ನಿಧಾನವಾಗುತ್ತದೆ. 6ನೇ ಜನರೇಷನ್ ಮತ್ತು ಅದಕ್ಕಿಂತ ಹಳೆಯದರಲ್ಲಿ ನಾನು ಇದನ್ನು ಆಫ್ ಮಾಡಿಯೇ ಇಡುತ್ತೇನೆ. ರಕ್ಷಣೆ ಒಂದು ಪದರ ಕಮ್ಮಿಯಾಗುತ್ತದೆ, ಗೊತ್ತಿರಲಿ.

ಟೈಮ್ ತಪ್ಪುತ್ತದೆ, ಅಪ್‌ಡೇಟ್ ಆಗುವುದಿಲ್ಲ

0ಎಕ್ಸ್80072ಎಫ್8ಎಫ್ ಕೋಡ್ ಬಂದರೆ, ಅಥವಾ ಎಲ್ಲ ತಾಣಗಳೂ ಸುರಕ್ಷಿತವಲ್ಲ ಅಂತ ಬ್ರೌಸರ್ ಬೊಬ್ಬೆ ಹಾಕಿದರೆ, ಗಡಿಯಾರ ನೋಡಿ. ವರ್ಷವೇ ತಪ್ಪಾಗಿರುತ್ತದೆ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದೆ. ಆ ಬಿಲ್ಲೆ ಬದಲಿಸಿ. ಅದು ಸತ್ತಾಗ ಬಯಾಸ್ ಸೆಟ್ಟಿಂಗ್‌ಗಳೂ ಮೊದಲಿನಂತಾಗುತ್ತವೆ. ನೀವು ಆನ್ ಮಾಡಿದ್ದ ಯುಇಎಫ್‌ಐ, ಟಿಪಿಎಂ ಎಲ್ಲ ಮತ್ತೆ ಆಫ್ ಆಗಿರಬಹುದು. "ನಿನ್ನೆಯವರೆಗೆ ಚೆನ್ನಾಗಿತ್ತು, ಇವತ್ತು ಬೂಟೇ ಆಗುತ್ತಿಲ್ಲ" ಅನ್ನುವ ಹಳೇ ಡೆಸ್ಕ್‌ಟಾಪುಗಳಲ್ಲಿ ಮೊದಲು ಇದನ್ನೇ ನೋಡಿ.

ತಿಂಗಳ ಭದ್ರತಾ ಅಪ್‌ಡೇಟ್‌ಗಳು ಬೈಪಾಸ್ ಮಾಡಿದ ಯಂತ್ರಕ್ಕೂ ಸಾಮಾನ್ಯವಾಗಿ ಬರುತ್ತವೆ. ಬಂದೇ ಬರುತ್ತವೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಟ್ಟಿಲ್ಲ. ಆದರೆ ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ. ಅದು ದೋಷವಲ್ಲ, ರಿಪೇರಿ ಮಾಡಲು ಹೋಗಬೇಡಿ. ಹೋಮ್, ಪ್ರೋ ಆವೃತ್ತಿಗಳಿಗೆ 24 ತಿಂಗಳ ಬೆಂಬಲ ಇರುತ್ತದೆ. 24ಎಚ್2ಕ್ಕೆ ಅದು 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ. ಅದರೊಳಗೆ ಹೊಸ ಐಎಸ್‌ಒ ಇಳಿಸಿ, ರೂಫಸ್ ಪೆನ್‌ಡ್ರೈವ್ ಮಾಡಿ, ನೀವೇ ಸೆಟಪ್ ಓಡಿಸಬೇಕು. ಬ್ಯಾಂಕು, ಜಿಎಸ್‌ಟಿ ಕೆಲಸ ನಡೆಯುವ ಯಂತ್ರವಾದರೆ ಈ ಉಸಾಬರಿ ಬೇಡ ಅಂತಲೇ ನಾನು ಹೇಳುವುದು. ವಿಂಡೋಸ್ 10ಕ್ಕೇ 2026ರ ಅಕ್ಟೋಬರ್ 13ರವರೆಗೆ ಇಎಸ್‌ಯು ಅನ್ನುವ ವಿಸ್ತರಿತ ಅಪ್‌ಡೇಟ್ ಯೋಜನೆ ಇದೆ. ಅದಕ್ಕೆ ಸೇರಿಕೊಂಡು ಅಷ್ಟರಲ್ಲಿ ಹೊಸ ಯಂತ್ರಕ್ಕೆ ದುಡ್ಡು ಹೊಂದಿಸಿ.

ಹಳೇ ಕನ್ನಡ ಫೈಲುಗಳೆಲ್ಲ ಚಿತ್ರವಿಚಿತ್ರ ಅಕ್ಷರ

ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ನುಡಿ, ಬರಹದಲ್ಲಿ ಮಾಡಿದ ಹಳೇ ವರ್ಡ್ ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ಅವು ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿರುತ್ತವೆ. ಆ ಫಾಂಟ್ ಹೋಗಿದೆ, ಅಷ್ಟೇ. ಫಾರ್ಮ್ಯಾಟ್ ಮಾಡುವ ಮುಂಚೆಯೇ ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಿಂದ ನುಡಿ, ಬರಹ ಹೆಸರಿನವನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಡಿ. ಆಮೇಲೆ ಹೊಸ ವಿಂಡೋಸ್‌ನಲ್ಲಿ ಅವುಗಳ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ ಕನ್ನಡ ವಾಪಸ್ ಬರುತ್ತದೆ.

ಹಳೇ ಪ್ರಿಂಟರಿಗೆ 64 ಬಿಟ್ ಡ್ರೈವರ್ ಇದೆಯಾ ಅನ್ನುವುದನ್ನೂ ಮುಂಚೆಯೇ ನೋಡಿಕೊಳ್ಳಿ. ಇಲ್ಲ ಅಂದರೆ ಆ ಪ್ರಿಂಟರ್ ಅಲ್ಲಿಗೆ ಮುಗಿಯಿತು.

ವಾಪಸ್ ಹೋಗಬೇಕು

ಅಪ್‌ಗ್ರೇಡ್ ಮಾಡಿದವರಿಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಅನ್ನುವ ಬಟನ್ ಇರುತ್ತದೆ, ಬರೀ 10 ದಿನ. ಅದನ್ನು 60 ದಿನದವರೆಗೂ ಹಿಗ್ಗಿಸಬಹುದು. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಡಿಸ್ಮ್, ಆನ್‌ಲೈನ್, ಸೆಟ್ ಅಡ್ಡಗೆರೆ ಓಎಸ್‌ಅನ್‌ಇನ್‌ಸ್ಟಾಲ್‌ವಿಂಡೋ, ವ್ಯಾಲ್ಯೂ ಕೋಲನ್ 60 ಎಂದು ಹೊಡೆಯಬೇಕು. ಆನ್‌ಲೈನ್, ಸೆಟ್, ವ್ಯಾಲ್ಯೂ ಈ ಮೂರರ ಹಿಂದೆಯೂ ಓರೆಗೆರೆ. ಇದನ್ನು ಆ 10 ದಿನದ ಒಳಗೇ ಮಾಡಬೇಕು, ಆಮೇಲೆ ಮಾಡಿದರೆ ಹಳೇ ವಿಂಡೋಸ್‌ನ ಫೋಲ್ಡರೇ ಅಳಿಸಿಹೋಗಿರುತ್ತದೆ. ಡಿಸ್ಕ್ ಕ್ಲೀನಪ್‌ನಲ್ಲಿ ಹಿಂದಿನ ವಿಂಡೋಸ್ ಅಂತ ಇರುವುದಕ್ಕೆ ಟಿಕ್ ಹಾಕಿ ಜಾಗ ಮಾಡಿಕೊಂಡವರಿಗೂ ಈ ದಾರಿ ಇಲ್ಲ.

ಅವಧಿ ಮೀರಿದ್ದರೆ ವಿಂಡೋಸ್ 10ರ ಪೆನ್‌ಡ್ರೈವ್ ಮಾಡಿ ಹೊಸದಾಗಿಯೇ ಹಾಕಬೇಕು. ಕೀ ಕೇಳಿದಾಗ "ನನ್ನ ಬಳಿ ಪ್ರಾಡಕ್ಟ್ ಕೀ ಇಲ್ಲ" ಅನ್ನುವುದನ್ನು ಒತ್ತಿ, ಮೊದಲಿದ್ದ ಹೋಮ್ ಅಥವಾ ಪ್ರೋವನ್ನೇ ಆರಿಸಿ. ಅದೇ ಮದರ್‌ಬೋರ್ಡಿನಲ್ಲಿ ಮೊದಲು ವಿಂಡೋಸ್ 10 ಆಕ್ಟಿವೇಟ್ ಆಗಿತ್ತು ಅಂದರೆ, ಇಂಟರ್‌ನೆಟ್ ಸಿಕ್ಕ ಮೇಲೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ.